ಸಬ್‌ಸ್ಟೇಷನ್ ಹೊಲದಿಂದಲೇ ಕಾಣುತ್ತೆ, ಆದರೂ ನಮ್ಮ ಸೋಲಾರ್‌ಗೆ ಜಾಗ ಇಲ್ಲವಂತೆ. ಹಾಗಂದರೆ ಏನು?

ಶೇಂಗಾ ಹೊಲ:

ಎಲ್ಲರಿಗೂ ನಮಸ್ಕಾರ. ನಾನು ಬಯಲುಸೀಮೆಯ ರೈತ. ಊರು, ತಾಲೂಕು ಬರೆಯುವುದಿಲ್ಲ. ನಾಳೆ ಮತ್ತೆ ಅದೇ ಆಫೀಸಿನ ಬಾಗಿಲಿಗೆ ಹೋಗಬೇಕಲ್ಲ.

ನಮ್ಮದು ಹನ್ನೊಂದು ಎಕರೆ. ಅದರಲ್ಲಿ ಒಂಬತ್ತು ಎಕರೆ ಮಳೆ ನಂಬಿಕೊಂಡ ಕೆಂಪು ನೆಲ. ಶೇಂಗಾ ಹಾಕುತ್ತೇವೆ. ಐದು ವರ್ಷದಲ್ಲಿ ಎರಡು ವರ್ಷ ಬೀಜದ ದುಡ್ಡೂ ವಾಪಸ್ ಬರಲಿಲ್ಲ. ಮೂರು ಬೋರ್ ಕೊರೆಸಿದ್ದೇವೆ, ಒಂದರಲ್ಲಿ ಮಾತ್ರ ನೀರಿದೆ. ಅದು ಮನೆ ಹಿಂದಿನ ಎರಡು ಎಕರೆಗೇ ಸಾಲದು. ಅದಕ್ಕೆ ಅಣ್ಣನೂ ನಾನೂ ಸೇರಿ ಸೋಲಾರ್ ಪ್ಲಾಂಟ್ ಹಾಕಿ ಕರೆಂಟ್ ಮಾರೋಣ ಅಂತ ಯೋಚನೆ ಮಾಡಿದೆವು. ಪಿಎಂ ಕುಸುಮ್ ಯೋಜನೆಯ ‘ಎ’ ಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗೆ ರೈತರೇ ಹಾಕಬಹುದು, ಜಮೀನು ಸಬ್‌ಸ್ಟೇಷನ್‌ಗೆ 5 ಕಿಲೋಮೀಟರ್ ಒಳಗಿದ್ದರೆ ಒಳ್ಳೆಯದು ಅಂತ ಓದಿದ್ದೆವು. ನಮ್ಮದು ಮೂರೇ ಕಿಲೋಮೀಟರ್. ಬದುವಿನ ಮೇಲೆ ನಿಂತರೆ ಕಾಣುತ್ತೆ.

ಆಫೀಸಿಗೆ ಹೋದರೆ ಕೂತವರು ತಲೆ ಎತ್ತದೆ ಹೇಳಿದ್ದು ಇಷ್ಟೇ: ‘ಕೆಪಾಸಿಟಿ ಇಲ್ಲ, ಫುಲ್ ಆಗಿದೆ.’ ಬರಹದಲ್ಲಿ ಕೊಡಿ ಅಂದೆ. ‘ಅರ್ಜಿ ಹಾಕಿದರೆ ಕೊಡ್ತೀವಿ, ಆದರೆ ಸುಮ್ನೆ ಫೀಸು ಕಳ್ಕೋತೀರ’ ಅಂದರು.

ನನಗೆ ಅರ್ಥವಾಗದ್ದು ಇದು. ನಮ್ಮ ಪಂಪ್‌ಸೆಟ್‌ಗೆ ಬರೋದು ದಿನಕ್ಕೆ ಏಳು ಗಂಟೆ ತ್ರೀ ಫೇಸ್. ಅದೂ ಎರಡು ಪಾಳಿ. ಸಂಜೆ ಏಳಕ್ಕೆ ಮನೆಯಲ್ಲಿ ಫ್ಯಾನ್ ಉಸಿರು ಎಳೆದ ಹಾಗೆ ತಿರುಗುತ್ತೆ. ಕರೆಂಟೇ ಸಾಲದ ಊರಲ್ಲಿ, ಕರೆಂಟ್ ಕೊಡ್ತೀನಿ ಅಂತ ಹೋದವನಿಗೆ ಜಾಗ ಇಲ್ಲ ಅಂದರೆ ಹೇಗೆ? ಹೊಟ್ಟೆ ಹಸಿದವನು ತಟ್ಟೆ ತುಂಬಿದೆ ಅಂದ ಹಾಗಾಯ್ತು. ತಿಳಿದವರು ಯಾರಾದರೂ ಬಿಡಿಸಿ ಹೇಳಿ.

*

ಮಾಳಿಗೆ ಬಿಸಿಲು, ಮೈಸೂರು:

ಅಣ್ಣ, ನಿಮ್ಮ ಸಮಸ್ಯೆಯ ಮರಿ ನಮ್ಮ ಮನೆ ಮೇಲೂ ಇದೆ. 5 ಕಿಲೋವ್ಯಾಟ್ ಹಾಕಿಸಿದ್ದೇನೆ. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ನಮ್ಮ ಬೀದಿಯಲ್ಲಿ ಒಬ್ಬೊಬ್ಬರೇ ಹಾಕಿಸಿದರು, ಈಗ ಏಳು ಮನೆ. ಎಲ್ಲರದ್ದೂ ಒಂದೇ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್. ಬಿಸಿಲು ಚುರುಕಾಗಿರುವ ಭಾನುವಾರ ಒಂದು ಗಂಟೆ ಹೊತ್ತಿಗೆ ಇನ್ವರ್ಟರ್ ‘ವೋಲ್ಟೇಜ್ ಜಾಸ್ತಿ’ ಅಂತ ಕೆಂಪು ದೀಪ ತೋರಿಸಿ ನಿಂತುಬಿಡುತ್ತೆ. ಐದು ನಿಮಿಷ ಬಿಟ್ಟು ಶುರು, ಮತ್ತೆ ನಿಲ್ಲುತ್ತೆ. ಅಂಗಡಿಯವನು ಪ್ಯಾನೆಲ್ ಸರಿಯಿದೆ ಅನ್ನುತ್ತಾನೆ. ಲೈನ್‌ಮನ್ ಲೈನ್ ಸರಿಯಿದೆ ಅನ್ನುತ್ತಾರೆ. ಎಲ್ಲ ಸರಿಯಿದೆ, ನನ್ನ ಯೂನಿಟ್ ಮಾತ್ರ ಇಲ್ಲ.

*

ನಿವೃತ್ತ ಶಿಫ್ಟ್:

ಶೇಂಗಾ ಹೊಲದವರೇ, ನಾನು ಮೂವತ್ತೊಂದು ವರ್ಷ ಸಬ್‌ಸ್ಟೇಷನ್‌ಗಳಲ್ಲಿ ಶಿಫ್ಟ್ ಮಾಡಿದವನು. ಈಗ ಪೆನ್ಷನ್. ಬೆಳಿಗ್ಗೆ ಕೆಲಸ ಇಲ್ಲ, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಿಮ್ಮ ತಟ್ಟೆ ಗಾದೆ ಚೆನ್ನಾಗಿದೆ. ಆದರೆ ಹಸಿವು ಸಂಜೆಯದು, ತಟ್ಟೆ ಮಧ್ಯಾಹ್ನದ್ದು. ಕರೆಂಟ್ ಸೇವಂತಿಗೆ ಹೂವಿನ ಹಾಗೆ. ಕೊಯ್ದ ಹೊತ್ತಿಗೇ ಮಾರಬೇಕು. ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಪ್ಯಾನೆಲ್ ಹುಟ್ಟಿಸಿದ್ದನ್ನು ಸಂಜೆ ಏಳರ ಫ್ಯಾನಿಗೆ ಎತ್ತಿಡೋಕೆ ಸಬ್‌ಸ್ಟೇಷನ್‌ನಲ್ಲಿ ಗೋದಾಮು ಇಲ್ಲ. ಬ್ಯಾಟರಿ ಇದೆಯಲ್ಲ ಅಂತ ಕೇಳಬೇಡಿ. ನಮ್ಮ ಬ್ಯಾಟರಿ ರೂಮಿನಲ್ಲಿ ಇರುವುದು ಬ್ರೇಕರ್ ಟ್ರಿಪ್ ಮಾಡಲಿಕ್ಕೆ ಮಾತ್ರ.

ನಾನು ಕೊನೆಗೆ ಇದ್ದ ಸ್ಟೇಷನ್‌ದೇ ಲೆಕ್ಕ ಹೇಳುತ್ತೇನೆ. ಎರಡು ಟ್ರಾನ್ಸ್‌ಫಾರ್ಮರ್, ಒಂದು 8 ಎಂವಿಎ (ಹೆಚ್ಚುಕಡಿಮೆ ಮೆಗಾವ್ಯಾಟ್ ಅಂತಲೇ ಇಟ್ಟುಕೊಳ್ಳಿ), ಒಂದು 12.5. ಗೋಡೆ ಮೇಲಿನ ಬೋರ್ಡಿನಲ್ಲಿ ಒಟ್ಟು 20.5 ಅಂತ ಬರೆದಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಪಂಪ್‌ಸೆಟ್ ಎಲ್ಲ ಓಡುವಾಗ ಮಧ್ಯಾಹ್ನದ ಲೋಡ್ 12, 13 ಮೆಗಾವ್ಯಾಟ್. ಮಳೆ ಬಿದ್ದು ಪಂಪ್ ನಿಂತರೆ ಅದೇ ಹೊತ್ತಿನಲ್ಲಿ ಎರಡೂವರೆ. ಊರಿನ ಮನೆಗಳು, ಎರಡು ಹಿಟ್ಟಿನ ಗಿರಣಿ, ಒಂದು ಹಾಲಿನ ಡೇರಿ, ಅಷ್ಟೇ. ಆದರೆ ಆಗಸ್ಟ್‌ನಲ್ಲಿ ಮೋಡ ಸರಿದಾಗ ಬೀಳುವ ಬಿಸಿಲು ಮಾರ್ಚ್ ಬಿಸಿಲಿಗಿಂತ ಏನೂ ಕಮ್ಮಿ ಇಲ್ಲ. ಆಕಾಶ ತೊಳೆದಿರುತ್ತೆ, ಪ್ಯಾನೆಲ್ಲೂ ತೊಳೆದಿರುತ್ತೆ.

2017ರ ಆಗಸ್ಟ್. ಭಾನುವಾರ. ಸ್ಟೇಷನ್‌ನಿಂದ ಊರುಗಳಿಗೆ ಹೊರಡುವ ಲೈನಿಗೆ ಫೀಡರ್ ಅನ್ನುತ್ತೇವೆ; ನಮ್ಮ ಎರಡು ಫೀಡರ್‌ಗೆ ಸೇರಿ ಆಗ 5 ಮೆಗಾವ್ಯಾಟ್ ಸೋಲಾರ್ ಹತ್ತಿತ್ತು. ಹನ್ನೆರಡರ ರೀಡಿಂಗ್ ಬರೆಯಲು ಸಹಾಯಕ ಹುಡುಗ ಹೋದ. ವಾಪಸ್ ಬಂದು, ‘ಸಾರ್, ಟ್ರಾನ್ಸ್‌ಫಾರ್ಮರ್ ಮೀಟರ್ ಕೆಟ್ಟಿದೆ, ಮೈನಸ್ ತೋರಿಸ್ತಾ ಇದೆ’ ಅಂದ. ನಾನೇ ಹೋಗಿ ನೋಡಿದೆ. ಮೈನಸ್ 2.1. ಮೀಟರ್ ಕೆಟ್ಟಿರಲಿಲ್ಲ. ನಮ್ಮ ಸ್ಟೇಷನ್ ಊರಿಗೆ ಕರೆಂಟ್ ಕೊಡುವುದನ್ನು ಬಿಟ್ಟು ಊರಿನಿಂದ ಮೇಲಕ್ಕೆ ಕಳಿಸುತ್ತಾ ಇತ್ತು. ಹೊರಗೆ ಟ್ರಾನ್ಸ್‌ಫಾರ್ಮರ್ ಎಂದಿನ ಹಾಗೇ ಗುಂಯ್ ಅನ್ನುತ್ತಿತ್ತು, ಅದಕ್ಕೆ ಮೇಲೂ ಕೆಳಗೂ ಎಲ್ಲ ಒಂದೇ. ನನಗೆ ಮಾತ್ರ ಲಾಗ್ ಶೀಟಿನಲ್ಲಿ ಮೈನಸ್ ಹಾಕಲು ಕೈ ಬರಲಿಲ್ಲ. ಆ ಕಾಲಮ್ಮಿನಲ್ಲಿ ಅವತ್ತಿನವರೆಗೆ ನಾನು ಆ ಗೆರೆ ಎಳೆದಿರಲಿಲ್ಲ. ಫೋನ್ ಮಾಡಿ ಕೇಳಿ ಆಮೇಲೆ ಬರೆದೆ.

ಈಗ ನಿಮ್ಮ ‘ಫುಲ್’ಗೆ ಬರೋಣ. ಆ ಮಾತು ಹೇಳಿದವರು ಸುಳ್ಳು ಹೇಳಿರಲಿಕ್ಕಿಲ್ಲ, ಅರ್ಧ ಹೇಳಿದ್ದಾರೆ. ನೀವು ಕೇಳಬೇಕಾದದ್ದು, ಏನು ಫುಲ್?

ಟ್ರಾನ್ಸ್‌ಫಾರ್ಮರ್ ಫುಲ್ ಇರಬಹುದು. ಅಲ್ಲಿ 20.5ರ ಲೆಕ್ಕ ನಡೆಯುವುದಿಲ್ಲ. ದೊಡ್ಡದು ರಿಪೇರಿಗೆ ನಿಂತ ದಿನ 8 ಎಂವಿಎ ಒಂದೇ ಎಲ್ಲ ಹೊರಬೇಕು. ಮೇಲಕ್ಕೆ ಹೋಗುವ ಕರೆಂಟೂ ಅದರಲ್ಲೇ ಹಾಯಬೇಕು.

ಇಲ್ಲ, ಸ್ಟೇಷನ್‌ಗೆ ಬರುವ 66 ಕೆವಿ (66 ಸಾವಿರ ವೋಲ್ಟ್) ಲೈನ್ ಫುಲ್ ಇರಬಹುದು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಲೈನಿಗೆ ಮೂರು ನಾಲ್ಕು ಸಬ್‌ಸ್ಟೇಷನ್ ನೇತಾಡಿಕೊಂಡಿರುತ್ತವೆ. ನಮ್ಮ ಹಿಂದಿನ ಸ್ಟೇಷನ್‌ನಲ್ಲಿ ಗಾಳಿ ಪ್ಲಾಂಟಿನವರು ಮೊದಲೇ ಹತ್ತಿದ್ದರು. ಆಷಾಢದ ಗಾಳಿ, ಮೋಡದ ನಡುವಿನ ಬಿಸಿಲು, ನಿಂತ ಪಂಪ್‌ಸೆಟ್ ಮೂರೂ ಒಟ್ಟಿಗೆ ಬಂದರೆ ಲೈನ್ ತಡೆಯುವುದಿಲ್ಲ. ಆಗ ಮೇಲಿನಿಂದ ಫೋನ್ ಬರುತ್ತೆ, ‘ಇಳಿಸಿ’ ಅಂತ. ನಾವು ಪ್ಲಾಂಟಿನವರಿಗೆ ಫೋನ್ ಮಾಡುತ್ತೇವೆ. ಅವರು ನಮಗೆ ಬೈಯುತ್ತಾರೆ. 2025ರಲ್ಲಿ ರಾಜಸ್ಥಾನದಲ್ಲಿ ಇದೇ ಕತೆ ಗಿಗಾವ್ಯಾಟ್ ಲೆಕ್ಕದಲ್ಲಿ ನಡೆಯಿತು. ಪ್ಲಾಂಟ್ ಎದ್ದು ನಿಂತಿತ್ತು, ಹೊರಗೆ ಒಯ್ಯುವ ದೊಡ್ಡ ಲೈನ್ ಮುಗಿದಿರಲಿಲ್ಲ.

ಪಾವಗಡದಲ್ಲಿ 2,050 ಮೆಗಾವ್ಯಾಟ್ ಹೇಗೆ ಹಿಡಿಸಿತು ಅಂತ ಜನ ಕೇಳುತ್ತಾರೆ. ಸುಮಾರು 13,000 ಎಕರೆ ರೈತರಿಂದ ಗುತ್ತಿಗೆಗೆ ತಗೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಆದರೆ ಪ್ಯಾನೆಲ್ ಜೊತೆಗೇ ತಿರುಮಣಿ ಹತ್ತಿರ 400 ಕೆವಿ ಸ್ಟೇಷನ್ ಎಬ್ಬಿಸಿದರು. ದಾರಿ ಮಾಡಿಕೊಂಡು ಜಾತ್ರೆ ಕರೆದರು. ಪ್ಯಾನೆಲ್ ಎಂಟು ತಿಂಗಳಲ್ಲಿ ನಿಲ್ಲಿಸಬಹುದು. ಟವರ್ ಲೈನ್ ಎಳೆಯಲು ಎರಡು ಮೂರು ವರ್ಷ ಬೇಕು, ಯಾಕೆಂದರೆ ಟವರ್ ಕಾಲು ಊರೋದು ನಿಮ್ಮಂಥವರ ಹೊಲದಲ್ಲೇ.

ಮೂರನೆಯದು, ಫುಲ್ ಆಗಿರುವುದು ಬರೀ ಫೈಲ್ ಇರಬಹುದು. ನನಗೆ ಇದರ ಮೇಲೇ ಜಾಸ್ತಿ ಅನುಮಾನ. ಯಾರೋ ಎರಡು ವರ್ಷದ ಹಿಂದೆ 2 ಮೆಗಾವ್ಯಾಟ್‌ಗೆ ಒಪ್ಪಿಗೆ ತಗೊಂಡು ಸುಮ್ಮನಾಗಿರುತ್ತಾರೆ. ಒಂದು ಕಂಬ ನೆಟ್ಟಿರುವುದಿಲ್ಲ. ಬಸ್ಸಿನಲ್ಲಿ ಸೀಟಿಗೆ ಟವಲ್ ಹಾಕಿ ಟೀ ಕುಡಿಯಲು ಇಳಿದ ಹಾಗೆ. ಬಸ್ ಹೊರಟರೂ ಟವಲ್ ಮಾತ್ರ ಕೂತಿರುತ್ತೆ. ಟವಲ್ ಎತ್ತುವ ನಿಯಮ ಇರುತ್ತೆ, ಒಪ್ಪಿಗೆಗೆ ಅವಧಿ ಅಂತ ಇರುತ್ತೆ. ಎತ್ತಿ ಅಂತ ಕೇಳುವವರು ಬೇಕು.

ಮಾಳಿಗೆ ಬಿಸಿಲಿನವರೇ, ನಿಮ್ಮದು ವೋಲ್ಟೇಜ್ ಏರುವ ಕತೆ. 2024ರ ನಿಯಮದಿಂದ 10 ಕಿಲೋವ್ಯಾಟ್‌ವರೆಗೆ ಮನೆ ಮೇಲಿನ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆ ಇಲ್ಲದೇ ಒಪ್ಪಿಗೆ. ಅದು ಒಳ್ಳೆಯದೇ, ಅರ್ಜಿ ಹಿಡಿದು ಅಲೆಯುವುದು ತಪ್ಪಿತು. ಆದರೆ ಬೀದಿಯ ಟಿಸಿ ಆ ನಿಯಮ ಓದಿರುವುದಿಲ್ಲ. ಟಿಸಿಯ ಟ್ಯಾಪ್, ಅಂದರೆ ವೋಲ್ಟೇಜ್ ಹೊಂದಿಸುವ ಸ್ವಿಚ್, ಒಂದು ಮೆಟ್ಟಿಲು ಇಳಿಸಲು ಲಿಖಿತವಾಗಿ ಕೇಳಿ. ಏಳು ಮನೆಯೂ ಒಂದೇ ಫೇಸಿಗೆ ಹತ್ತಿವೆಯಾ ಅಂತಲೂ ನೋಡಿಸಿ. ನಾನು ಕಂಡ ಹಾಗೆ ಹತ್ತರಲ್ಲಿ ಆರು ಕಡೆ ಅದೇ ಆಗಿರುತ್ತೆ.

*

ಶೇಂಗಾ ಹೊಲ:

ಸರ್, ಕೈ ಮುಗಿದೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಟವಲ್ ಮಾತು ಅಣ್ಣನಿಗೆ ಓದಿ ಹೇಳಿದೆ, ಅವನು ‘ಆ ಟವಲ್ ಯಾರದು ಅಂತ ನನಗೆ ಗೊತ್ತು’ ಅಂದ.

ಇನ್ನೊಂದು ಕೇಳಬೇಕಿತ್ತು. ನಮ್ಮ ಹೊಲದ ಅಂಚಿನಲ್ಲೇ 11 ಕೆವಿ ಲೈನ್ ಹಾದುಹೋಗಿದೆ. ಪಂಪ್‌ಸೆಟ್ ಫೀಡರ್. ಅದಕ್ಕೇ ಸೇರಿಸಿದರೆ ಸಾಲದೇ? ಬೇರೆ ಲೈನ್ ಎಳೆಯುವ ಖರ್ಚು ಉಳಿಯುತ್ತೆ ಅಲ್ವಾ? ಆ ಲೈನ್ ಮೂರು ಹಳ್ಳಿ ಸುತ್ತಿ ಬರುತ್ತೆ, ಸ್ಟೇಷನ್‌ನಿಂದ ನಮ್ಮವರೆಗೆ ಹತ್ತು ಕಿಲೋಮೀಟರ್ ಅಂತ ಲೈನ್‌ಮನ್ ಹೇಳಿದರು. ತಂತಿ ರ‍್ಯಾಬಿಟ್ ಅಂತೆ.

*

ನಿವೃತ್ತ ಶಿಫ್ಟ್:

ತಂತಿ ಹೆಸರು ಕೇಳಿಕೊಂಡು ಬಂದಿರಲ್ಲ, ಅರ್ಧ ಕೆಲಸ ಮುಗಿಯಿತು. ರ‍್ಯಾಬಿಟ್, ಕೊಯೋಟ್, ವೀಸೆಲ್, ನಮ್ಮ ಇಲಾಖೆ ತುಂಬ ಪ್ರಾಣಿಗಳೇ.

ಲೆಕ್ಕ ಕೈಯಲ್ಲೇ ಮಾಡಬಹುದು. 11 ಕೆವಿಯಲ್ಲಿ 1 ಮೆಗಾವ್ಯಾಟ್ ಅಂದರೆ ಸುಮಾರು 52 ಆಂಪ್ಸ್. 2 ಮೆಗಾವ್ಯಾಟ್‌ಗೆ 105. ಬಿಸಿಗೆ ಹೆದರಬೇಕಿಲ್ಲ, ರ‍್ಯಾಬಿಟ್ ಅಷ್ಟು ಹೊರುತ್ತೆ. ತೊಂದರೆ ವೋಲ್ಟೇಜಿನದು. ರ‍್ಯಾಬಿಟ್ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಅರ್ಧ ಓಮ್ ಮೇಲೆ ಚೂರು. ಹತ್ತು ಕಿಲೋಮೀಟರಿಗೆ ಐದೂವರೆ ಅಂತ ಇಟ್ಟುಕೊಳ್ಳಿ. ನಿಮ್ಮ 2 ಮೆಗಾವ್ಯಾಟ್ ಅಷ್ಟು ದೂರ ಸ್ಟೇಷನ್ ಕಡೆಗೆ ನುಗ್ಗಬೇಕಾದರೆ ನಿಮ್ಮ ತುದಿಯಲ್ಲಿ ವೋಲ್ಟೇಜ್ ಸುಮಾರು 1,000 ಮೇಲೇರಬೇಕು. 11,000 ಇದ್ದದ್ದು 12,000. ನಿಯಮದ ಪ್ರಕಾರ ಶೇ. 6 ಮಾತ್ರ ಜಾಸ್ತಿ ಆಗಬಹುದು, ಅಂದರೆ 11,660. ದಾಟಿದರೆ ನಿಮ್ಮ ಇನ್ವರ್ಟರ್ ನಿಲ್ಲುತ್ತೆ. ಅಥವಾ ನಿಲ್ಲದೆ ಪಕ್ಕದವರ ಸ್ಟಾರ್ಟರ್ ಸುಡುತ್ತೆ, ಆಮೇಲೆ ಅವರು ನಿಮ್ಮ ಮನೆಗೆ ಬರುತ್ತಾರೆ.

ಪಂಪ್ ಓಡುವಾಗ ಅಷ್ಟು ಏರುವುದಿಲ್ಲ, ನಿಮ್ಮ ಕರೆಂಟ್ ಅಲ್ಲಲ್ಲೇ ಖರ್ಚಾಗುತ್ತೆ. ಆದರೆ ಪಂಪ್‌ಸೆಟ್ ಫೀಡರ್ ಏಳು ಗಂಟೆ ಮಾತ್ರ ಚಾರ್ಜ್ ಆಗಿರುವುದಾದರೆ ಉಳಿದ ಹೊತ್ತಿನ ಬಿಸಿಲನ್ನು ಏನು ಮಾಡ್ತೀರಿ? ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ಇನ್ವರ್ಟರ್ ತಾನಾಗಿ ಓಡುವುದಿಲ್ಲ, ಓಡಲೂಬಾರದು. ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ. ಲೈನ್ ಕ್ಲಿಯರ್ (ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಅನ್ನುವ ಒಪ್ಪಿಗೆ) ತಗೊಂಡು, ಅರ್ತ್ ರಾಡ್ ಹಾಕಿ, ನಂಬಿಕೊಂಡು ಹತ್ತಿರುತ್ತಾನೆ. ಕೆಳಗಿನಿಂದ ಕರೆಂಟ್ ಬರುವ ಕಾಲ ಬಂದ ಮೇಲೆ ನಾನು ಲೈನ್ ಕ್ಲಿಯರ್ ಕೊಡುವಾಗ ಎರಡೆರಡು ಸಲ ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು. ನಗಲಿ.

ಹಾಗಾಗಿ ನೇರ ಮೂರು ಕಿಲೋಮೀಟರ್ ಪ್ರತ್ಯೇಕ ಲೈನ್ ಎಳೆದು ಸ್ಟೇಷನ್‌ನ 11 ಕೆವಿ ಬಸ್‌ಗೇ, ಅಂದರೆ ಎಲ್ಲ ಫೀಡರ್ ಸೇರುವ ದಪ್ಪ ಪಟ್ಟಿಗೇ, ಸೇರಿಸಿ. ಅದೇ ರ‍್ಯಾಬಿಟ್ ಹಾಕಿದರೂ 2 ಮೆಗಾವ್ಯಾಟ್‌ಗೆ ಏರುವುದು 300 ವೋಲ್ಟ್ ಮಾತ್ರ. ಖರ್ಚು ನಿಮ್ಮದೇ, ಕಂಬಕ್ಕೆ ದಾರಿ ಬಿಡಿಸಿಕೊಳ್ಳುವುದೂ ನಿಮ್ಮದೇ. ಅಳಿಯನ ಬದು, ದಾಯಾದಿಯ ಬದು ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಸ್ಟೇಷನ್‌ನಲ್ಲಿ ಹೊಸ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ಕೂರಿಸಲು ಖಾಲಿ ಬೇ, ಅಂದರೆ ಖಾಲಿ ಅಂಕಣ, ಇದೆಯಾ ಅಂತಲೂ ಕೇಳಿ. ಜಾಗ ಇಲ್ಲ ಅಂದದ್ದು ಅಕ್ಷರಶಃ ಇದೇ ಜಾಗ ಇರಬಹುದು.

ಇನ್ನು ಒಂದು ಹಳೇ ಗಾಯ. 2014ರ ಸುಮಾರಿಗೆ ರಾಜ್ಯದಲ್ಲಿ ಜಮೀನಿದ್ದ ರೈತರಿಗೇ 1ರಿಂದ 3 ಮೆಗಾವ್ಯಾಟ್ ಯೋಜನೆ ಬಂದಿತ್ತು, ಯೂನಿಟ್‌ಗೆ 8.40 ರೂಪಾಯಿ. ಜಮೀನು ಪರಿವರ್ತನೆ, ಲೈನಿನ ಒಪ್ಪಿಗೆ ಅಂತ ತಡವಾಗಿ ಎಷ್ಟೋ ಜನರ ದರ ಕಡಿತವಾಗಿ ಕೋರ್ಟು ಹತ್ತಿದರು. ಅದಕ್ಕೇ ಹೇಳುತ್ತೇನೆ, ಲೈನಿನ ಒಪ್ಪಿಗೆ ಕೈಗೆ ಬರದೆ ಪ್ಯಾನೆಲ್‌ಗೆ ಅಡ್ವಾನ್ಸ್ ಕೊಡಬೇಡಿ. ಬ್ಯಾಂಕಿನವರು ಒಪ್ಪಿದರೂ ಬೇಡ.

*

ಐಂಡ್‌ಹೋವನ್ ಮಾವಿನಕಾಯಿ:

ನಾನು ಹಾಸನದವನು, ಹನ್ನೆರಡು ವರ್ಷದಿಂದ ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇದನ್ನು ಓದಿ ನಗು ಬಂತು, ಯಾಕೆಂದರೆ ನಮ್ಮ ಬೀದಿ ಕತೆಯೂ ಇದೇ. ಇಲ್ಲಿ ಮನೆ ಮನೆಗೂ ಪ್ಯಾನೆಲ್. ಭಾನುವಾರ ಮಧ್ಯಾಹ್ನ ಬಿಸಿಲು ಬಂದರೆ ಮಾರುಕಟ್ಟೆಯಲ್ಲಿ ಕರೆಂಟಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಗ್ರಿಡ್‌ಗೆ ಕಳಿಸಿದ ಯೂನಿಟ್‌ಗೆ ಕೆಲವು ಕಂಪನಿಗಳು ನಮ್ಮಿಂದಲೇ ಚಾರ್ಜ್ ತಗೊಳ್ಳುತ್ತವೆ. ಗ್ರಿಡ್‌ಗೆ ಕೊಟ್ಟಷ್ಟು ಯೂನಿಟ್ಟನ್ನು ನಮ್ಮ ಬಿಲ್ಲಿನಲ್ಲಿ ಕಳೆಯುವ ಪದ್ಧತಿ 2027ರ ಜನವರಿ 1ಕ್ಕೆ ನಿಲ್ಲುತ್ತೆ ಅಂತ ಕಾನೂನೇ ಆಗಿದೆ.

ನಾನಿರುವ ಬ್ರಾಬಂಟ್ ಪ್ರಾಂತ್ಯದಲ್ಲಿ ಗ್ರಿಡ್ ತುಂಬಿದೆ ಅಂತ ಟೆನೆಟ್‌ನವರು 2022ರಲ್ಲೇ ಹೇಳಿದರು. ಟೆನೆಟ್ ಅಂದರೆ ಇಲ್ಲಿನ ದೊಡ್ಡ ಲೈನ್‌ಗಳ ಸರ್ಕಾರಿ ಕಂಪನಿ. ಒಂದು ವ್ಯತ್ಯಾಸ ಇದೆ. ಇಲ್ಲಿ ಕರೆಂಟ್ ಕೊಡುವವರು ಮಾತ್ರ ಅಲ್ಲ, ತಗೊಳ್ಳುವ ಫ್ಯಾಕ್ಟರಿಗಳೂ ಕ್ಯೂನಲ್ಲಿವೆ. ಇನ್ನೊಂದು, ಯಾವ ಪ್ರದೇಶದಲ್ಲಿ ಎಷ್ಟು ಜಾಗ ಇದೆ ಅನ್ನುವ ನಕ್ಷೆ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಕಾಣುತ್ತೆ. ಕೆಂಪು ಇದ್ದರೆ ಹೋಗಬೇಡ. ಅದನ್ನು ನೋಡಿ ಬೇಸರ ಮಾಡಿಕೊಳ್ಳಬಹುದು, ಆದರೆ ಆಫೀಸಿನ ಮುಂದೆ ನಿಲ್ಲಬೇಕಾಗಿಲ್ಲ.

*

ಶೇಂಗಾ ಹೊಲ:

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡುತ್ತೇನೆ.

ಭಾನುವಾರ ಮಧ್ಯಾಹ್ನ ಬೇಕಂತಲೇ ಸಬ್‌ಸ್ಟೇಷನ್‌ಗೆ ಹೋದೆ. ಶಿಫ್ಟಿನಲ್ಲಿ ಇದ್ದ ಹುಡುಗ ನಮ್ಮ ಪಕ್ಕದ ಊರಿನವನೇ. ಗೇಟಿನ ಒಳಗೆ ಬಿಡಲಿಲ್ಲ, ಅದು ಸರಿಯೇ. ಕಿಟಕಿ ಹತ್ತಿರ ನಿಂತು ಮಾತಾಡಿದೆವು. ಮಳೆ ಆಗಿದೆ, ಪಂಪ್ ಎಲ್ಲ ನಿಂತಿವೆ. ಹನ್ನೆರಡರ ರೀಡಿಂಗ್ ಎಷ್ಟು ಅಂತ ಕೇಳಿದೆ. ‘ಮೈನಸ್ 1.4’ ಅಂದ. ನಾನು ‘ಮೀಟರ್ ಕೆಟ್ಟಿಲ್ವಾ?’ ಅಂದೆ. ಅವನು ನನ್ನ ಮುಖವನ್ನೇ ನೋಡಿದ.

ಸೋಮವಾರ ಆಫೀಸಿನಲ್ಲಿ ‘ಏನು ಫುಲ್ ಸರ್?’ ಅಂತ ಕೇಳಿದಾಗ ಅವರು ಮೊದಲ ಸಲ ತಲೆ ಎತ್ತಿದರು. ಕೂರಿ ಅಂದರು. ಟ್ರಾನ್ಸ್‌ಫಾರ್ಮರ್ ಅಲ್ಲವಂತೆ, 66 ಕೆವಿ ಲೈನ್ ಅಂತೆ. ಆ ಲೈನಿನ ಲೆಕ್ಕದಲ್ಲಿ ನಮ್ಮ ಸ್ಟೇಷನ್ ಪಾಲಿಗೆ ಬುಕ್ ಆಗಿರುವುದರಲ್ಲಿ 2 ಮೆಗಾವ್ಯಾಟ್ ಇನ್ನೂ ಕಾಗದದಲ್ಲೇ ಇದೆ. ಅಣ್ಣ ಹೇಳಿದ ಟವಲ್ಲೇ. ಅದರ ಅವಧಿ ಯಾವಾಗ ಮುಗಿಯುತ್ತೆ ಅಂತ ಕೇಳಿದ್ದಕ್ಕೆ ಫೈಲ್ ಮೇಲಿನ ಆಫೀಸಿನಲ್ಲಿದೆ ಅಂದರು. ಖಾಲಿ ಬೇ ಒಂದಿದೆ.

2 ಬಿಟ್ಟು 1 ಮೆಗಾವ್ಯಾಟ್‌ಗೆ, ಪ್ರತ್ಯೇಕ ಲೈನ್ ಸಮೇತ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬಂದೆ. ಆ ಅವಧಿಯ ಪ್ರಶ್ನೆಯನ್ನು ಮಾಹಿತಿ ಹಕ್ಕಿನಲ್ಲಿ ಬೇರೆ ಹಾಕಿದ್ದೇನೆ. ಕಂಬದ ದಾರಿಗೆ ನಾಲ್ಕು ಬದು ಅಡ್ಡ ಬರುತ್ತವೆ, ಮೂವರು ಒಪ್ಪಿದ್ದಾರೆ. ನಾಲ್ಕನೆಯವರು ಚಿಕ್ಕಪ್ಪ.

ಹದ ಚೆನ್ನಾಗಿದೆ. ನಾಳೆಯಿಂದ ಒಂಬತ್ತೂ ಎಕರೆಗೆ ಶೇಂಗಾ ಬಿತ್ತುತ್ತಿದ್ದೇವೆ.